ವೈರಸ್‌ಗೆ ಮೇವಿನ ಪೂರಕ ಮದ್ದಲ್ಲ

ಮಾನ್ಯರೇ,

ಸಿಂಧನೂರು, ಮಾನ್ವಿ ಕಡೆ ನಾಲೆ ನೀರಿನ ಕೊಳಗಳಲ್ಲಿ ತಿಲಾಪಿಯಾ ಮೀನು ಸಾಕುವವರು ಗಮನಿಸಬೇಕು. ಈ ಮೀನುಗಳನ್ನು ಕೊಲ್ಲುವ ತಿಲಾಪಿಯಾ ಲೇಕ್ ವೈರಸ್‌ಗೆ ಔಷಧವಿಲ್ಲ. ಆ್ಯಂಟಿಬಯೋಟಿಕ್ ಸುರಿದರೆ ದುಡ್ಡೂ ಹಾಳು, ನೀರೂ ಹಾಳು. ಮೇವಿಗೆ ಬೆರೆಸುವ ಪೂರಕಗಳಾದ ವಿಟಮಿನ್ ಸಿ, ಬೀಟಾ-ಗ್ಲುಕಾನ್ (ಯೀಸ್ಟ್‌ನಂಥವುಗಳಿಂದ ತೆಗೆಯುವ ವಸ್ತು) ರೋಗನಿರೋಧಕ ಶಕ್ತಿಗೆ ಆಸರೆ ಅಷ್ಟೇ, ಅದೂ ಮೊದಲೇ ಕೊಟ್ಟರೆ. ಕಾಯಿಲೆ ಬಿದ್ದ ಮೀನು ಮೇವನ್ನೇ ಮುಟ್ಟದು, ಪೂರಕ ಹೊಟ್ಟೆ ಸೇರುವುದಾದರೂ ಹೇಗೆ?

ಕಿಲೋ ಮೇವಿಗೆ ಅರ್ಧದಿಂದ 1 ಗ್ರಾಂ ವಿಟಮಿನ್ ಸಿ ಸಾಕು. ಸ್ವಲ್ಪ ನೀರಲ್ಲಿ ಕರಗಿಸಿ, ಮೇವಿಗೆ ಚಿಮುಕಿಸಿ, ಮೇಲೆ 20 ಮಿಲಿ ಎಣ್ಣೆ ಸವರಿ ನೆರಳಲ್ಲೇ ಆರಿಸಿ. ರಾಯಚೂರಿನ ಬಿಸಿಲಿಗೆ ಒಡ್ಡಿದರೆ ಅದರ ಸತ್ವ ಉಳಿಯದು. ಎಣ್ಣೆ ಸವರದಿದ್ದರೆ ವಿಟಮಿನ್ ಕೊಳದಲ್ಲೇ ಕರಗಿಹೋಗುತ್ತದೆ. ಅಂದಂದಿಗೆ ಬೇಕಾದಷ್ಟೇ ಬೆರೆಸಿ.

ಎಲ್ಲಕ್ಕಿಂತ ಮುಖ್ಯ, ಪಿಸಿಆರ್ (ವೈರಸ್ ಪತ್ತೆಹಚ್ಚುವ ಲ್ಯಾಬ್) ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಖಚಿತವಾದ ಮರಿಗಳನ್ನೇ ತನ್ನಿ. ಸತ್ತ ಮೀನನ್ನು ದಯವಿಟ್ಟು ನಾಲೆಗೆ ಎಸೆಯಬೇಡಿ, ಸುಣ್ಣ ಹಾಕಿ ಹೂಳಿ.

– ಮೀನು ಸಾಕಣೆದಾರರು, ಸಿಂಧನೂರು