ಕಾವೇರಿಗೆ ಮಹಶೀರ್ ಮರಿ ಬಿಡುವ ಮುನ್ನ ಲೆಕ್ಕ ಸರಿಯಾಗಲಿ

ಮಾನ್ಯ ಸಂಪಾದಕರೇ,

ದೊಡ್ಡದಾಗಿ ಬೆಳೆಯುವ ನದಿಮೀನು ಮಹಶೀರ್‌ನ ಮರಿಗಳನ್ನು ನದಿಗೆ ಬಿಡುವ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಡಿಯಲ್ಲಿ ‘ಅಳಿವಿನಂಚಿನ ಮೀನಿನ ಸಂರಕ್ಷಣೆ’ ಎಂಬ ಸಾಲಿರುತ್ತದೆ. ಬಿಟ್ಟದ್ದು ಯಾವ ಮಹಶೀರ್ ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಕಾವೇರಿಯ ಮಟ್ಟಿಗೆ ಇದು ಸಣ್ಣ ಲೋಪವಲ್ಲ.

ಈ ಕೊಳ್ಳದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಸಿಗದ ಮಹಶೀರ್ ಒಂದಿದೆ: ತಲೆಯ ಹಿಂದಿನಿಂದಲೇ ಏರುವ ಡುಬ್ಬ, ಕಿತ್ತಳೆ ಛಾಯೆಯ ಈಜುರೆಕ್ಕೆ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ.ಯ ಮೀನು ಇದೇ ಕುಲದ ದೈತ್ಯ. ಅಷ್ಟು ಹೆಸರಾಗಿದ್ದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಕಾವೇರಿ ಕೊಳ್ಳಕ್ಕೇ ಸೇರಿದ ಕೇರಳದ ಪಾಂಬಾರ್ ಹೊಳೆಯ ಮಾದರಿಗಳಿಂದ 2007ರಲ್ಲಿ ವಿವರಿಸಿದ್ದ ಟೋರ್ ರೆಮಾದೇವಿಯೇ ಇದು ಎಂದು ಆಗ ದೃಢಪಟ್ಟಿತು. ಅದೇ ವರ್ಷ, ಅಳಿವಿನಂಚಿನ ಜೀವಿಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯ ‘ತೀವ್ರ ಅಪಾಯ’ ವರ್ಗಕ್ಕೂ ಸೇರಿತು. ಮರಿ ಕೇಂದ್ರಗಳಲ್ಲಿ ದಶಕಗಳಿಂದ ಬೆಳೆಸುತ್ತಿರುವುದು ಇನ್ನೊಂದನ್ನು: ಪುಣೆ ಬಳಿಯ ಮುಳಾ-ಮುಠಾ ನದಿಯಿಂದ 1839ರಲ್ಲಿ ವಿವರಿಸಲಾದ ನೀಲಿರೆಕ್ಕೆಯ ಮಹಶೀರ್, ಟೋರ್ ಖುದ್ರೀ. ಕೆಂಪು ಪಟ್ಟಿಯಲ್ಲಿ ಅದು ಈಗ ‘ಕನಿಷ್ಠ ಕಾಳಜಿ’ಯ ಮೀನು.

ಒಂದನ್ನು ತಂದುಬಿಟ್ಟರೆ ಇನ್ನೊಂದಕ್ಕೇನು ಎಂದು ಕೇಳಬಹುದು. ಉತ್ತರ ಕಾವೇರಿ ವನ್ಯಜೀವಿ ಅಭಯಾರಣ್ಯದ ಗಾಲಿಬೋರೆಯ ಗಾಳದ ಶಿಬಿರದ ದಾಖಲೆಯಲ್ಲಿದೆ. 1998ರಿಂದ 2012ರವರೆಗೆ ಅಲ್ಲಿ 23,620 ಗಂಟೆಗಳ ಗಾಳ ಹಾಕಿ, 6,161 ಮಹಶೀರ್ ಹಿಡಿದು ತೂಗಿ ಮತ್ತೆ ನೀರಿಗೇ ಬಿಡಲಾಗಿತ್ತು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು, ಸರಾಸರಿ ತೂಕ ಇಳಿಯಿತು. ಮೇಲ್ನೋಟಕ್ಕೆ ಒಳ್ಳೆಯ ಸುದ್ದಿಯೇ. ಮರಿಗಳು ಚೆನ್ನಾಗಿ ಬರುತ್ತಿವೆ ಎಂದರ್ಥ. ಎರಡು ಜಾತಿಗಳನ್ನು ಬೇರೆ ಮಾಡಿ ನೋಡಿದರೆ ಏರಿಕೆಯೆಲ್ಲ ನೀಲಿರೆಕ್ಕೆಯದು. ಡುಬ್ಬದ ಮೀನು ಸಿಗುವುದು ಕಡಿಮೆಯಾಗುತ್ತಾ ಹೋಗಿ, ಸಿಕ್ಕವುಗಳ ತೂಕ ಮಾತ್ರ ಹೆಚ್ಚಾಗುತ್ತಾ ಹೋಯಿತು. ಅಂದರೆ ಮುದಿ ಮೀನುಗಳಿವೆ, ಅವುಗಳ ಹಿಂದೆ ಎಳೆಯ ತಲೆಮಾರು ಇಲ್ಲ. ಸಣ್ಣವು ಗಾಳಕ್ಕೆ ಬೀಳುವುದಿಲ್ಲ ಎಂಬ ವಾದ ಇಲ್ಲಿ ನಿಲ್ಲದು. ಅದೇ ದಾಖಲೆಯಲ್ಲಿ ಅರ್ಧ ಕೆ.ಜಿ.ಗೂ ಕಡಿಮೆಯ ಮೀನು ಬಂದಿದೆ.

ದೀರ್ಘಾಯುಷಿ ಮೀನಿನಲ್ಲಿ ಇದೇ ಮೋಸ. ಮೊಟ್ಟೆ ಮರಿಯಾಗದೆ ಹಲವು ವರ್ಷ ಕಳೆದರೂ ದೊಡ್ಡ ಮೀನುಗಳು ಮಡುವಿನಲ್ಲಿ ಕಾಣುತ್ತಲೇ ಇರುತ್ತವೆ. ‘ಮೊನ್ನೆ ಇಷ್ಟುದ್ದದ್ದು ಕಂಡಿತು’ ಎಂಬ ಮಾತು ಸಂತತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಳಬೇಕಾದ್ದು 10ರಿಂದ 30 ಸೆಂ.ಮೀ. ನಡುವಿನವು ಎಷ್ಟು ಎಂದು.

ಆದ್ದರಿಂದ ಗಣತಿ ಹೀಗಾಗಲಿ. ಬೇಸಿಗೆಯಲ್ಲಿ ಹರಿವು ಇಳಿದು ಮಡುಗಳು ಬೇರ್ಪಟ್ಟಾಗ, ನಸುಕಿನ ತಂಪಿನಲ್ಲಿ, ಮುಳ್ಳಿಲ್ಲದ ಗಾಳದಿಂದ ಹಿಡಿದು, ಮೂತಿಯಿಂದ ಬಾಲದ ಕವಲಿನವರೆಗೆ ಅಳೆದು, 12 ಮಿ.ಮೀ.ನ ಪಿಟ್ ಟ್ಯಾಗ್ (ಮೈಯೊಳಗೆ ಸೇರಿಸುವ ಗುರುತಿನ ಚಿಪ್) ಹಾಕಿ ಬಿಡಬೇಕು. ಅಳೆಯುವಾಗಲೂ ಮೀನು ಒದ್ದೆ ತೊಟ್ಟಿಲಿನಲ್ಲೇ ಇರಲಿ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಮಧ್ಯಾಹ್ನ ದಣಿಸಿ ಬಿಟ್ಟ ಮೀನು ಕಣ್ಮರೆಯಾದ ಮೇಲೆ ಸಾಯಬಹುದು. ಎರಡು-ಮೂರು ವಾರ ಬಿಟ್ಟು ಅದೇ ಮಡುವಿನಲ್ಲಿ ಎರಡನೇ ಸುತ್ತು. ಮೊದಲ ಸುತ್ತಿನಲ್ಲಿ 40ಕ್ಕೆ ಗುರುತು ಹಾಕಿ, ಎರಡನೆಯದರಲ್ಲಿ ಸಿಕ್ಕ 50ರಲ್ಲಿ 4 ಗುರುತಿನವು ಎಂದಿಟ್ಟುಕೊಳ್ಳಿ. ಗುರುತು ಹಾಕಿ ಮತ್ತೆ ಹಿಡಿದು ಮಡುವಿನ ಒಟ್ಟು ಮೀನನ್ನು ಅಂದಾಜಿಸುವ ಚಾಪ್‌ಮನ್ ಸೂತ್ರದಂತೆ 41ನ್ನು 51ರಿಂದ ಗುಣಿಸಿ, 5ರಿಂದ ಭಾಗಿಸಿ, 1 ಕಳೆದರೆ ಸುಮಾರು 417 ಮೀನು. 4ರ ಬದಲು 7 ಸಿಕ್ಕಿದ್ದರೆ 260. ಒಂದೇ ಸಿಕ್ಕಿದ್ದರೆ ಸಾವಿರದ ಮೇಲೆ! ಮರುಹಿಡಿತ ಬೆರಳೆಣಿಕೆಯಷ್ಟಿದ್ದಾಗ ಒಂಟಿ ಅಂಕಿಯನ್ನು ಪ್ರಕಟಿಸುವುದೇ ತಪ್ಪು. ಟ್ಯಾಗ್ ಉದುರಿದರೆ, ಒಮ್ಮೆ ಸಿಕ್ಕ ಮೀನು ಗಾಳಕ್ಕೆ ಅಂಜಿದರೆ, ಗುರುತಿನವು ಹೊರಟುಹೋಗಿ ಹೊಸವು ಒಳಬಂದರೆ, ಮೂರೂ ತಪ್ಪುಗಳು ಒಂದೇ ಕಡೆಗೆ ವಾಲುತ್ತವೆ: ಇರುವುದಕ್ಕಿಂತ ಹೆಚ್ಚು ಮೀನು ಲೆಕ್ಕಕ್ಕೆ ಬರುತ್ತದೆ.

ಮರಿಗಳ ಲೆಕ್ಕಕ್ಕೆ ಗಾಳ ಸಾಲದು. ಮಳೆಗಾಲ ಮುಗಿದ ಮೇಲೆ ದಂಡೆಯಂಚಿನ ಗರಸು ಹರಿವಿನಲ್ಲಿ ಸಣ್ಣ ಕಣ್ಣಿನ ಬಲೆ ಬೇಕು. ಎಳೆಯ ಮಹಶೀರ್‌ಗಳ ಜಾತಿಯನ್ನು ಕಣ್ಣಳತೆಯಲ್ಲಿ ಹೇಳಲು ಹೋಗಬಾರದು. ರೆಕ್ಕೆಯ ಅಂಚಿನಿಂದ ಚೂರು ಕತ್ತರಿಸಿ, ಶೇ 95ರ ಎಥನಾಲ್‌ನಲ್ಲಿಟ್ಟು ಡಿಎನ್‌ಎ ಪರೀಕ್ಷೆಗೆ ಕಳಿಸಲಿ. ಇದಾಗದೆ ನೀಲಿರೆಕ್ಕೆಯ ಮೀನನ್ನು ಹಿಡಿದು ತೆಗೆಯುವ ಕಾರ್ಯಾಚರಣೆ ಶುರುಮಾಡಿದರೆ ಉಳಿದಿರುವ ನಾಲ್ಕು ಡುಬ್ಬದ ಮರಿಗಳೂ ಅದರಲ್ಲೇ ಹೋದಾವು.

ಹಾಗಾದರೆ ಡುಬ್ಬದ ಮೀನಿನದೇ ಮರಿ ಮಾಡಿಸೋಣ ಎಂಬ ಸಲಹೆ ಬರುತ್ತದೆ. ತಕರಾರಿಲ್ಲ, ಆದರೆ ತಾಯಿಮೀನು ಎಷ್ಟು? 2 ಹೆಣ್ಣು, 10 ಗಂಡಿನಿಂದ ಲಕ್ಷ ಮರಿ ತೆಗೆದರೂ ಆನುವಂಶಿಕ ಲೆಕ್ಕದಲ್ಲಿ ಅದು ಏಳಕ್ಕಿಂತ ಕಡಿಮೆ ಮೀನುಗಳ ಸಂತಾನ. ಹೆಣ್ಣು-ಗಂಡುಗಳ ಸಂಖ್ಯೆಯನ್ನು ಗುಣಿಸಿ, ನಾಲ್ಕು ಪಟ್ಟು ಮಾಡಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ 6.7 ಬರುತ್ತದೆ. ಅಂಥ ಮರಿಗಳನ್ನು ಸಾರಾಸಗಟಾಗಿ ಸುರಿದರೆ ನದಿಯಲ್ಲಿ ಉಳಿದಿರುವ ವೈವಿಧ್ಯವೂ ತೆಳುವಾಗುತ್ತದೆ.

ತೋಟೆ ಸಿಡಿಸುವುದು, ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಹೊಸ ಕಾನೂನು ಬೇಡ, ಬೇಸಿಗೆಯ ಮಡುಗಳಲ್ಲಿ ರಾತ್ರಿ ಕಾವಲು ಬೇಕು. ಗಾಲಿಬೋರೆಯ ಗಾಳದ ದಾಖಲೆ 2012ಕ್ಕೆ ಮುಗಿದಿದೆ. ಅಭಯಾರಣ್ಯದಲ್ಲಿ ಮೋಜಿನ ಗಾಳ ಬೇಡವೆಂಬ ನಿಲುವನ್ನು ಒಪ್ಪೋಣ, ಆದರೆ ಅರಣ್ಯ ಇಲಾಖೆಯ ಅನುಮತಿಯಲ್ಲಿ ವರ್ಷಕ್ಕೆರಡು ಸುತ್ತಿನ ಗಣತಿ ಮೋಜಲ್ಲ.

ಮೀನುಗಾರಿಕೆ ಇಲಾಖೆಗೆ ಕೋರಿಕೆ ಇಷ್ಟು: ಶಿವನಸಮುದ್ರದಿಂದ ಹೊಗೇನಕಲ್ ತನಕದ ಕಾವೇರಿಗೂ ಅದರ ಉಪನದಿಗಳಿಗೂ ನೀಲಿರೆಕ್ಕೆಯ ಮರಿ ಬಿಡುವುದನ್ನು ನಿಲ್ಲಿಸಲಿ, ಈವರೆಗೆ ಎಲ್ಲಿ, ಯಾವ ವರ್ಷ, ಯಾವ ಜಾತಿ, ಎಷ್ಟು ಬಿಟ್ಟಿದೆ ಎಂಬ ಪಟ್ಟಿ ಪ್ರಕಟಿಸಲಿ. ಜಲವಿದ್ಯುತ್ ಘಟಕಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ಬಿಟ್ಟ, ನಿಲ್ಲಿಸಿದ ಗಂಟೆವಾರು ದಾಖಲೆಯೂ ಜೊತೆಗಿರಲಿ. ಹರಿವು ಹಠಾತ್ತನೆ ಇಳಿದರೆ ಗರಸಿನ ನಡುವಿನ ಮೊಟ್ಟೆ ಒಣಗುತ್ತದೆ. ಮರಿ ಕಾಣದ ವರ್ಷಕ್ಕೂ ನೀರು ಇಳಿದ ದಿನಗಳಿಗೂ ನಂಟಿದೆಯೇ ಎಂದು ಆ ದಾಖಲೆಯನ್ನೂ ಮರಿಗಳ ಗಣತಿಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

— ನದಿಮೀನು ಅಧ್ಯಯನಾಸಕ್ತರು, ಮೈಸೂರು