ನೆರಳನ್ನು ಅಳೆಯಲು ಕಲಿಸಿದ ಹಿರಿಯರಿಗೆ

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ಸಾರ್ವಜನಿಕ ಉದ್ಯಾನದಲ್ಲಿ ನಮ್ಮ ಓಣಿಯ ಮಕ್ಕಳಿಗೆ ಶೂನ್ಯ ನೆರಳಿನ ದಿನವನ್ನು ತೋರಿಸಿಕೊಟ್ಟು, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತೇನೆ.

ನಮ್ಮ ಊರು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ, ಮೇ ಎರಡನೇ ವಾರದ ಹೊತ್ತಿಗೆ ಮತ್ತು ಆಗಸ್ಟ್ ಆರಂಭದಲ್ಲಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆಂದು ತಾವು ಪಾಠದಂತೆ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡದೆ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿದಿರಿ. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡಿಸಿದಿರಿ. ಗಡಿಯಾರ 12 ಹೊಡೆದರೂ ನೆರಳು ಉಳಿದದ್ದನ್ನು ಕಂಡು ನನ್ನ ಮಗಳು ಪೆಚ್ಚಾದಾಗ ತಾವು ಕೇಳಿದ್ದು ಒಂದೇ ಮಾತು: "ಈ ಗಡಿಯಾರ ಯಾವೂರ ಹೊತ್ತು ತೋರಸ್ತದವ್ವಾ?" ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, ಹಾಗಾಗಿ ಸೂರ್ಯ ನಮ್ಮ ನೆತ್ತಿಗೆ ತಡವಾಗಿ ಬರುತ್ತಾನೆ ಎಂದು ಮಕ್ಕಳೇ ಲೆಕ್ಕ ಹಾಕಿದರು, 12.20ರ ಸುಮಾರಿಗೆ ನೆರಳು ಕೋಲಿನ ಬುಡದಲ್ಲಿ ಅಡಗಿದ್ದನ್ನು ಕಣ್ಣಾರೆ ಕಂಡರು. ಉತ್ತರವನ್ನು ತಡೆಹಿಡಿದು ಕಾಯುವ ಆ ತಾಳ್ಮೆ ನಮ್ಮಂಥ ಪೋಷಕರಲ್ಲಿ, ನಿಜಕ್ಕೂ, ಬಹಳ ಕಡಿಮೆ.

ಬೀದರಿನಲ್ಲಿ ಈ ದಿನ ಯಾವಾಗ ಬರುತ್ತದೆ ಎಂದು ತಾವು ಕೇಳಿ ಹೋದ ಪ್ರಶ್ನೆಗೂ ಮಕ್ಕಳು ಉತ್ತರ ಕಂಡುಕೊಂಡಿದ್ದಾರೆ: ಬೀದರ್ ನಮಗಿಂತ ಉತ್ತರಕ್ಕಿರುವುದರಿಂದ ಮೇ ತಿಂಗಳಲ್ಲಿ ಒಂದೆರಡು ದಿನ ತಡವಾಗಿ, ಆಗಸ್ಟ್‌ನಲ್ಲಿ ಅಷ್ಟೇ ಮುಂಚಿತವಾಗಿ.