ಡೈ ಸುರಿದಷ್ಟೂ ಹೊಳಪು ಹೆಚ್ಚದು

ಮಾನ್ಯ ಸಂಪಾದಕರೇ,

ಬೆಳಕು ಬಿಟ್ಟಾಗ ಡೈ (ಬಣ್ಣದ ವಸ್ತು) ಹೊಮ್ಮಿಸುವ ಹೊಳಪನ್ನು ಅಳೆಯುವ ಫ್ಲೋರೆಸೆನ್ಸ್ ಸೆನ್ಸರಿನ ಸಿಗ್ನಲ್ ಕಡಿಮೆ ಬಂತೆಂದರೆ ಕಾಲೇಜು ಲ್ಯಾಬುಗಳಲ್ಲಿ ಡೈ ಇನ್ನಷ್ಟು ಸುರಿಯುವ ರೂಢಿಯಿದೆ. ಇದು ತಿರುಗುಬಾಣ. ಅಣುಗಳು ಒತ್ತೊತ್ತಾದರೆ ಒಂದರ ಬೆಳಕನ್ನು ಇನ್ನೊಂದು ನುಂಗುತ್ತದೆ. ಫ್ಲೋರೆಸೀನ್ ಎಂಬ ಹಸಿರು ಹೊಳಪಿನ ಡೈ ಆದರೆ ಮೊದಲು ಬಫರಿನ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣದ) ಪಿಎಚ್ ನೋಡಿ. 8ರ ಮೇಲಿರಲಿ, 6ಕ್ಕಿಳಿದರೆ ಹೊಳಪು ಅರ್ಧಕ್ಕೂ ಕಡಿಮೆ.

ಹೊಳಪು ಹೆಚ್ಚಿಸಲು ಗಾಜಿನ ಮೇಲೆ ಬೆಳ್ಳಿಯ ನ್ಯಾನೊ ಕಣ (ಅತಿ ಸೂಕ್ಷ್ಮ ಕಣ) ಕೂರಿಸುವ ವಿಧಾನ ಒಳ್ಳೆಯದೇ, ಆದರೆ ಡೈಗೂ ಬೆಳ್ಳಿಗೂ ನಡುವಿನ ಅಂತರ ತಪ್ಪಿದರೆ ಕೆಟ್ಟಿತು. ಡೈ 5 ನ್ಯಾನೊಮೀಟರಿಗಿಂತ ಹತ್ತಿರವಾದರೆ ಅದರ ಶಕ್ತಿ ಲೋಹಕ್ಕೆ ಹರಿದು ಶಾಖವಾಗಿ ಹೋಗುತ್ತದೆ. ಸುಮಾರು 10 ನ್ಯಾನೊಮೀಟರಿನಲ್ಲಿ ಹೊಳಪು ಚೆನ್ನಾಗಿ ಏರುತ್ತದೆ. ತೀರಾ ದೂರವಾದರೆ ಬೆಳ್ಳಿ ಇದ್ದೂ ಇಲ್ಲದಂತೆ. ಈ ಅಂತರ ಕಾಯಲು ಬೆಳ್ಳಿಯ ಮೇಲೆ ಸಿಲಿಕಾದ (ಮರಳಿನಲ್ಲಿರುವ ವಸ್ತುವಿನ) ತೆಳು ಪದರ ಬೇಕು. ಉಪ್ಪಿನ ಬಫರಿನಲ್ಲಿರುವ ಕ್ಲೋರೈಡಿನಿಂದ ಬೆಳ್ಳಿ ಕೆಡುವುದನ್ನೂ ಅದೇ ತಡೆಯುತ್ತದೆ. ಪ್ರತಿಕಾಯ (ಗುರಿಯ ಅಣುವನ್ನು ಹಿಡಿಯುವ ಪ್ರೋಟೀನ್) ಬಳಸುವ ಪರೀಕ್ಷೆಗಳಲ್ಲಿ ಪ್ರೋಟೀನ್ ಪದರವೇ ಅಷ್ಟು ಅಂತರ ಕೊಡುವುದುಂಟು. ಕೆಂಪು ಡೈಗೆ ಸಣ್ಣ ದುಂಡು ಬೆಳ್ಳಿ ಕಣ ಅಷ್ಟಾಗಿ ಒದಗದು, ಚಿನ್ನದ ನ್ಯಾನೊ ಕಡ್ಡಿ ವಾಸಿ.

'ಹತ್ತು ಪಟ್ಟು ಹೆಚ್ಚಿತು' ಎನ್ನುವವರು ಡೈ ಇಲ್ಲದ ಬೆಳ್ಳಿ ಗಾಜಿನ ಸಿಗ್ನಲನ್ನೂ ಅಳೆದು, ಅದನ್ನು ಲೆಕ್ಕದಿಂದ ಕಳೆದಿರಬೇಕು. ಲೋಹ ಚೆದುರಿಸಿದ ಬೆಳಕು ಫಿಲ್ಟರಿನಲ್ಲಿ ನುಸುಳಿ ಸಿಗ್ನಲಿನ ವೇಷ ಹಾಕುತ್ತದೆ. ವಿಜ್ಞಾನ ಪ್ರದರ್ಶನಗಳ ತೀರ್ಪುಗಾರರು ಮೊದಲು ಡೈ ಇಲ್ಲದ ಗಾಜಿನ ಆ ಅಂಕಿಯನ್ನೇ ಕೇಳಲಿ.

— ರಸಾಯನಶಾಸ್ತ್ರ ಉಪನ್ಯಾಸಕರು, ಮೈಸೂರು